ನೆಲ ಒರೆಸುವ ಹುಡುಗನ ಸೇಡು

1970ರ ದಶಕ ಮುಗಿಯುವ ಹೊತ್ತಿಗೆ ಅಮೆರಿಕದಲ್ಲಿ ತಗಡಿನ ಪೀಪಾಯಿ ಕಂಡರೆ ಜನ ಹೆದರುವಂತಾಗಿತ್ತು. ನಯಾಗರಾ ಜಲಪಾತದ ಊರಿನಲ್ಲಿ ಲವ್ ಕೆನಾಲ್ ಎಂಬ ಬಡಾವಣೆಯಿದೆ. ಅಲ್ಲಿ ಹೂಕರ್ ಎಂಬ ರಾಸಾಯನಿಕ ಕಂಪನಿ ಸುಮಾರು 21,000 ಟನ್ ವಿಷತ್ಯಾಜ್ಯವನ್ನು ಹೂತು, 1953ರಲ್ಲಿ ಆ ನೆಲವನ್ನು ಶಾಲಾ ಮಂಡಳಿಗೆ ಒಂದೇ ಒಂದು ಡಾಲರಿಗೆ ಮಾರಿತ್ತು. ಅಲ್ಲಿಯೇ ಶಾಲೆ ಎದ್ದಿತು, ಸುತ್ತ ಮನೆಗಳೂ ಎದ್ದವು. ನೆಲಮಾಳಿಗೆಗಳಲ್ಲಿ ವಿಷ ಒಸರತೊಡಗಿದಾಗ, 1978ರಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿಯನ್ನೇ ಘೋಷಿಸಬೇಕಾಯಿತು. 1980ರ ಏಪ್ರಿಲಿನಲ್ಲಿ ನ್ಯೂಜೆರ್ಸಿಯ ಎಲಿಜಬೆತ್ ನಗರದಲ್ಲಿ ರಾಶಿ ಹಾಕಿದ್ದ ಸಾವಿರಾರು ಪೀಪಾಯಿಗಳಿಗೆ ಬೆಂಕಿ ಬಿದ್ದು ಆಕಾಶವೇ ಕಪ್ಪಾಯಿತು.

ಇಷ್ಟು ಪೀಠಿಕೆ ಹಾಕಿದ್ದು ಒಂದು ಅಗ್ಗದ ಸಿನಿಮಾದ ಸಲುವಾಗಿ. 1984ರ ‘ದಿ ಟಾಕ್ಸಿಕ್ ಅವೆಂಜರ್’ ಚಿತ್ರವನ್ನು ಲಾಯ್ಡ್ ಕೌಫ್‌ಮನ್ ಮತ್ತು ಮೈಕೆಲ್ ಹರ್ಜ್ ಎಂಬ ಗೆಳೆಯರು ತಮ್ಮ ‘ಟ್ರೋಮಾ’ ಸಂಸ್ಥೆಯಿಂದ ತಯಾರಿಸಿದರು. ಹಾಲಿವುಡ್ಡಿನ ಲೆಕ್ಕದಲ್ಲಿ ಅದಕ್ಕೆ ತಗಲಿದ ಖರ್ಚು ಚಿಲ್ಲರೆ ಕಾಸು. ಕಥೆ ನಡೆಯುವುದು ನ್ಯೂಜೆರ್ಸಿಯ ಟ್ರೋಮಾವಿಲ್ ಎಂಬ ಕಲ್ಪಿತ ಊರಿನಲ್ಲಿ. ವ್ಯಾಯಾಮಶಾಲೆಯಲ್ಲಿ ನೆಲ ಒರೆಸುವ ಮೆಲ್ವಿನ್ ಒಬ್ಬ ನರಪೇತಲ ಹುಡುಗ. ಅಲ್ಲಿಗೆ ಬರುವ ಕಟ್ಟುಮಸ್ತಿನ ಪುಂಡರಿಗೆ ಅವನೇ ಆಟದ ಬೊಂಬೆ. ನರ್ತಕಿಯರ ಗುಲಾಬಿ ಲಂಗ ತೊಡಿಸಿ, ಕತ್ತಲಲ್ಲಿ ಕುರಿಗೆ ಮುತ್ತಿಡಿಸಿ, ದೀಪ ಹಾಕಿ ಎಲ್ಲರೂ ನಗುತ್ತಾರೆ. ಅವಮಾನ ತಾಳದೆ ಅವನು ಕಿಟಕಿಯಿಂದ ಹಾರುತ್ತಾನೆ. ಕೆಳಗೆ ನಿಂತ ಲಾರಿಯ ವಿಷದ ಪೀಪಾಯಿಗೇ ಬೀಳುತ್ತಾನೆ!

ಎದ್ದು ಬಂದವನು ವಿಕಾರ ಮುಖದ ದೈತ್ಯ. ಆದರೆ ಕೈಯಲ್ಲಿರುವ ಆಯುಧ ಮಾತ್ರ ಹಳೆಯದೇ, ನೆಲ ಒರೆಸುವ ಕೋಲು. ಈ ಚಿತ್ರದ ಅತ್ಯುತ್ತಮ ಕಲ್ಪನೆ ಇದೇ ಎಂದು ನನ್ನ ಅಭಿಪ್ರಾಯ. ಉಳಿದಂತೆ ರಕ್ತದೋಕುಳಿ, ಅಭಿರುಚಿಗೇಡಿ ಹಾಸ್ಯ ಧಾರಾಳವಾಗಿವೆ. ಮಕ್ಕಳೊಡನೆ ಕುಳಿತು ನೋಡುವಂಥದ್ದಲ್ಲ. ಆದರೂ ಅವನ ಸೇಡು ಆ ಪುಂಡರಿಗೇ ನಿಲ್ಲುವುದಿಲ್ಲ; ಊರನ್ನು ಕಸದ ಗುಂಡಿ ಮಾಡಹೊರಟ ಭ್ರಷ್ಟ ಮೇಯರನವರೆಗೂ ಹೋಗುತ್ತದೆ. ಅವನನ್ನು ಕೊಲ್ಲಲು ಸೈನ್ಯ ಬಂದಾಗ ಊರಿನವರೇ ಅಡ್ಡ ನಿಲ್ಲುತ್ತಾರೆ. ಅದೇ 1984ರ ಡಿಸೆಂಬರಿನಲ್ಲಿ ನಮ್ಮ ಭೋಪಾಲದಲ್ಲಿ ವಿಷಾನಿಲ ಸೋರಿತು. ಅಲ್ಲಿ ಯಾವ ದೈತ್ಯನೂ ಎದ್ದು ಬರಲಿಲ್ಲ.

ಚಿತ್ರಕ್ಕೆ ಹೆಸರು ತಂದದ್ದು ನ್ಯೂಯಾರ್ಕಿನ ಬ್ಲೀಕರ್ ಸ್ಟ್ರೀಟ್ ಸಿನಿಮಾದ ನಡುರಾತ್ರಿಯ ಆಟಗಳು. ಮುಂದೆ ಉತ್ತರಭಾಗಗಳು ಬಂದವು, ಸಂಗೀತ ನಾಟಕವೂ ಆಯಿತು. ಸೋಜಿಗವೆಂದರೆ 1991ರಲ್ಲಿ ಇದೇ ದೈತ್ಯ ಮಾಲಿನ್ಯದ ವಿರುದ್ಧ ಹೋರಾಡುವ ನಾಯಕನಾಗಿ ಮಕ್ಕಳ ಕಾರ್ಟೂನಿಗೂ ಬಂದ. ಅವನ ಬೊಂಬೆಗಳು ಅಂಗಡಿಗಳಲ್ಲಿ ಮಾರಾಟವಾದವು.

2023ರಲ್ಲಿ ಮೇಕನ್ ಬ್ಲೇರ್ ಇದನ್ನು ಹೊಸದಾಗಿ ನಿರ್ದೇಶಿಸಿದರು. ಚಿತ್ರೋತ್ಸವದಲ್ಲಿ ತೋರಿಸಿದ ಮೇಲೆ ಹಂಚಿಕೆದಾರರಿಗಾಗಿ ಕಾದು, 2025ರಲ್ಲಿ ಅಮೆರಿಕದ ಚಿತ್ರಮಂದಿರಗಳಿಗೆ ಬಂತು. ಪೀಟರ್ ಡಿಂಕ್ಲೇಜ್ ಅಭಿನಯಿಸಿದ ಇದರ ನಾಯಕನೂ ನೆಲ ಒರೆಸುವವನೇ. ಅವನಿಗೆ ಮಾರಕ ಕಾಯಿಲೆ. ಚಿಕಿತ್ಸೆಯ ವೆಚ್ಚ ಕಂಪನಿಯ ವಿಮೆಯಲ್ಲಿ ಸೇರಿಲ್ಲ.