ಮಗ್ಗದ ಪಟ್ಟಿಯಿಂದ ಮನೆಯ ಸಿಎನ್‌ಸಿ ತನಕ

ಸೊಲ್ಲಾಪುರದ ಚಾದರ ಇಲ್ಲದ ಮನೆ ನಮ್ಮ ಅಕ್ಕಲಕೋಟ ಸೀಮೆಯಲ್ಲಿ ಸಿಗಲಿಕ್ಕಿಲ್ಲ. ಆ ಚಾದರದ ಮೇಲಿನ ಹೂವು, ನವಿಲು ಬಣ್ಣ ಬಳಿದು ಬಂದವಲ್ಲ, ನೇಯ್ಗೆಯಲ್ಲೇ ಎದ್ದು ಬಂದವು. ಮಗ್ಗದ ತಲೆಯ ಮೇಲೆ ತೂತು ಹೊಡೆದ ರಟ್ಟಿನ ಪಟ್ಟಿಗಳ ಮಾಲೆ ತಿರುಗುತ್ತಿರುತ್ತದೆ. ಚಿತ್ರ ಅಡಗಿರುವುದು ಆ ತೂತುಗಳಲ್ಲಿ. ನಾನು ಹವ್ಯಾಸಕ್ಕೆಂದು ಮನೆಯಲ್ಲಿ ಸಣ್ಣ ಸಿಎನ್‌ಸಿ ಯಂತ್ರ ಕಟ್ಟಲು ಕೂತಾಗ, ಸೊಲ್ಲಾಪುರದ ಚಾದರ ಕಾರಖಾನೆಯಲ್ಲಿ ದುಡಿದು ಬಂದ ನಮ್ಮ ಕಾಕಾ ಅದನ್ನು ನೋಡಿ, "ಇದು ನಮ್ಮ ಪಟ್ಟಿ ಮಗ್ಗದ ಮೊಮ್ಮಗನೇ ಬಿಡೋ ತಮ್ಮಾ" ಅಂದರು. ಆಗ ನಕ್ಕುಬಿಟ್ಟೆ. ಆಮೇಲೆ ಓದಿ ನೋಡಿದರೆ ಕಾಕಾನ ಮಾತು ಬಹಳ ಮಟ್ಟಿಗೆ ಖರೆ.

ಸಿಎನ್‌ಸಿ ಅಂದರೆ ಕಂಪ್ಯೂಟರ್ ನ್ಯೂಮರಿಕಲ್ ಕಂಟ್ರೋಲ್. ಕೊರೆಯುವ ಉಳಿ ಎಷ್ಟು ಬಲಕ್ಕೆ, ಎಷ್ಟು ಮುಂದಕ್ಕೆ, ಎಷ್ಟು ಆಳಕ್ಕೆ ಹೋಗಬೇಕು ಅನ್ನುವುದನ್ನು ಅಂಕಿಗಳಲ್ಲಿ ಬರೆದು ಕೊಟ್ಟರೆ, ಆ ಪ್ರಕಾರ ನಡೆಯುವ ಯಂತ್ರ.

ಫ್ರಾನ್ಸಿನ ಲಿಯೋನ್ ಪಟ್ಟಣ ರೇಷ್ಮೆ ನೇಯ್ಗೆಗೆ ಹೆಸರಾದದ್ದು. ಅಲ್ಲಿ ಚಿತ್ರದ ಬಟ್ಟೆ ನೇಯಬೇಕಾದರೆ ನೇಕಾರನ ಜೊತೆಗೆ ಇನ್ನೊಬ್ಬ ಆಳು, ಬಹಳ ಸಲ ಒಬ್ಬ ಹುಡುಗ, ಮಗ್ಗದ ಹತ್ತಿರ ನಿಂತು ಹಾಸಿನ ಎಳೆಗಳನ್ನು ಲೆಕ್ಕದಂತೆ ಎತ್ತಬೇಕಿತ್ತು. ಒಂದು ಎಳೆ ತಪ್ಪಿದರೆ ಹೂವಿನ ದಳ ಮುರಿಯಿತು. 1725ರಲ್ಲಿ ಬುಶೋನ್ ಎಂಬವನು ತೂತಿನ ಕಾಗದ ಹಚ್ಚಿ ನೋಡಿದ, ಫಾಲ್ಕೋನ್ ಎಂಬವನು ಕಾಗದದ ಬದಲು ಪಟ್ಟಿ ತಂದ. ಅವರ ಕೆಲಸವನ್ನೆಲ್ಲ ಕೂಡಿಸಿ 1804ರಲ್ಲಿ ಗಟ್ಟಿ ಯಂತ್ರ ಮಾಡಿದವನು ಜೋಸೆಫ್ ಮಾರಿ ಜಾಕಾರ್ಡ್. ಹೆಸರು ಉಳಿದದ್ದು ಅವನದೇ. ಪಟ್ಟಿಯಲ್ಲಿ ತೂತು ಇದ್ದಲ್ಲಿ ಸೂಜಿ ಒಳಗೆ ಹೋಗುತ್ತದೆ, ಕೊಕ್ಕೆ ಎಳೆಯನ್ನು ಎತ್ತುತ್ತದೆ. ತೂತು ಇಲ್ಲದಲ್ಲಿ ಎಳೆ ಕೆಳಗೇ ಉಳಿಯುತ್ತದೆ. ಲಾಳಿ ಒಂದು ಸಲ ಹಾಯಲು ಒಂದು ಪಟ್ಟಿ. ಎಳೆ ಎತ್ತುವ ಹುಡುಗನ ಕೆಲಸ ಹೋಯಿತು. ಪಟ್ಟಿಗೆ ತೂತು ಹೊಡೆಯುವವನ ಕೆಲಸ ಹುಟ್ಟಿತು.

ಬಟ್ಟೆಯ ಈ ವಿದ್ಯೆ ಲೋಹಕ್ಕೆ ಬರಲು ಸುಮಾರು ನೂರೈವತ್ತು ವರ್ಷ ಬೇಕಾಯಿತು. ಅಮೆರಿಕದ ಮಿಶಿಗನ್ ರಾಜ್ಯದ ಟ್ರಾವರ್ಸ್ ಸಿಟಿಯಲ್ಲಿ ಜಾನ್ ಪಾರ್ಸನ್ಸ್ ಎಂಬವರು ಹೆಲಿಕಾಪ್ಟರಿನ ರೆಕ್ಕೆ ಮಾಡುತ್ತಿದ್ದರು. ರೆಕ್ಕೆಯ ಬಾಗು ಸರಿಯಾಗಿ ಬರಬೇಕಾದರೆ ಅದರ ಅಂಚಿನ ಮೇಲೆ ಬಹಳ ಬಿಂದುಗಳ ಲೆಕ್ಕ ಬೇಕು. ಪಾರ್ಸನ್ಸ್ ಮತ್ತು ಅವರ ಎಂಜಿನಿಯರ್ ಫ್ರಾಂಕ್ ಸ್ಟುಲೆನ್ ಆ ಲೆಕ್ಕವನ್ನು ಐಬಿಎಂನ ತೂತು ಪಟ್ಟಿ ಯಂತ್ರದಿಂದ ಮಾಡಿಸಿದರು. ಮುಂದಿನದು ಮನುಷ್ಯರ ಕೆಲಸ: ಒಬ್ಬ ಪಟ್ಟಿ ನೋಡಿ ಅಂಕಿ ಕೂಗುವುದು, ಇಬ್ಬರು ಯಂತ್ರದ ಎರಡು ಹಿಡಿಕೆ ತಿರುಗಿಸುವುದು. ನಮ್ಮ ಕಣದಾಗ ಒಬ್ಬ ಚೀಲ ಎಣಿಸಿ ಕೂಗಿದ ಹಾಗೆ. ಕೂಗುವ ಮನುಷ್ಯನ ಬದಲು ಪಟ್ಟಿಯೇ ಯಂತ್ರವನ್ನು ನಡೆಸಲಿ ಅನ್ನುವುದು ಪಾರ್ಸನ್ಸರ ಯೋಚನೆ. 1949ರಲ್ಲಿ ಅಮೆರಿಕದ ವಾಯುಪಡೆ ಹಣ ಕೊಟ್ಟಿತು. ಕೆಲಸ ಎಂಐಟಿ ಎಂಬ ವಿದ್ಯಾಲಯಕ್ಕೆ ಹೋಯಿತು, 1952ರಲ್ಲಿ ಯಂತ್ರ ಓಡಿತು. ತೂತಿನ ಕಾಗದದ ಸುರುಳಿ, ಇನ್ನೂರಕ್ಕೂ ಹೆಚ್ಚು ವ್ಯಾಕ್ಯೂಮ್ ಟ್ಯೂಬು. ಕೊರೆಯುವ ಯಂತ್ರಕ್ಕಿಂತ ಅದನ್ನು ನಡೆಸುವ ಪೆಟ್ಟಿಗೆಯೇ ದೊಡ್ಡದು!

ಇಲ್ಲಿ ಒಂದು ಮಾತು ನಾನು ಹೇಳಲೇಬೇಕು, ಯಾಕಂದ್ರೆ ಯಂತ್ರದ ಪುಸ್ತಕಗಳಲ್ಲಿ ಇದು ಬರುವುದು ಕಡಿಮೆ. ಅದೇ ಕಾಲಕ್ಕೆ ಇನ್ನೊಂದು ದಾರಿಯೂ ಇತ್ತು. ಪಳಗಿದ ಕೆಲಸಗಾರ ಒಂದು ಸಾಮಾನನ್ನು ತನ್ನ ಕೈಯಿಂದ ಮಾಡುವಾಗ ಯಂತ್ರದ ಚಲನೆಯನ್ನು ಟೇಪಿನಲ್ಲಿ ಹಿಡಿದಿಟ್ಟು, ಮರಳಿ ಓಡಿಸಿ, ಅಂಥದೇ ಮತ್ತಷ್ಟು ಮಾಡುವುದು. ಜನರಲ್ ಎಲೆಕ್ಟ್ರಿಕ್ ಕಂಪನಿ ಇದನ್ನು ಮಾಡಿ ತೋರಿಸಿತ್ತು. ಅದರಲ್ಲಿ ಕೆಲಸಗಾರನ ಕೈಗುಣ ಟೇಪಿಗೆ ಇಳಿಯುತ್ತದೆ. ಪಾರ್ಸನ್ಸರ ದಾರಿಯಲ್ಲಾದರೋ ಆಫೀಸಿನಲ್ಲಿ ಕೂತವನು ಅಂಕಿ ಬರೆಯುತ್ತಾನೆ, ಯಂತ್ರದ ಮುಂದೆ ನಿಂತವನು ಗುಂಡಿ ಒತ್ತುತ್ತಾನೆ. ಕೆಲಸದ ಹಿಡಿತ ಕಾರ್ಮಿಕನ ಕೈಯಿಂದ ಆಫೀಸಿಗೆ ಹೋಗಲಿ ಎಂದೇ ಮಾಲೀಕರು ಈ ದಾರಿ ಹಿಡಿದರು ಎಂದು ಡೇವಿಡ್ ನೋಬಲ್ ಎಂಬ ಇತಿಹಾಸಕಾರರು 1984ರಲ್ಲಿ ವಾದಿಸಿದರು. ಪೂರ್ತಿ ಒಪ್ಪುವುದು ನನಗೆ ಕಷ್ಟ. ವಿಮಾನದ ಕೆಲವು ಬಾಗುಗಳನ್ನು ಎಂಥ ಕಸಬುದಾರನೂ ಕೈಯಿಂದ ಮೊದಲು ಕೊರೆದು ತೋರಿಸಲಾರ. ಆದರೂ ಬರೆಯುವವನು ಬೇರೆ, ಕೊರೆಯುವವನು ಬೇರೆ ಆದದ್ದು ಸುಳ್ಳಲ್ಲ.

ಮನೆಯ ಯಂತ್ರದಲ್ಲಿ ಈ ಇಬ್ಬರೂ ಮತ್ತೆ ಒಬ್ಬನೇ ಆಗುತ್ತಾರೆ. ನನಗೆ ಇದರ ಹುಚ್ಚು ಹಿಡಿದದ್ದು ಅದಕ್ಕೇ.

ಯಂತ್ರ ಮನೆಗೆ ಬಂದದ್ದು ಹಂಚಿಕೊಂಡವರ ಪುಣ್ಯದಿಂದ. ಅಮೆರಿಕದ ಸರಕಾರಿ ಸಂಸ್ಥೆಯೊಂದು 1990ರ ದಶಕದಲ್ಲಿ ಬರೆಸಿದ ಸಾಫ್ಟ್‌ವೇರ್ ಎಲ್ಲರ ಸ್ವತ್ತಾಯಿತು. ಇವತ್ತು ಅದರ ಹೆಸರು ಲಿನಕ್ಸ್‌ಸಿಎನ್‌ಸಿ. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗೆಂದು ಆರ್ಡುಯಿನೊ ಎಂಬ ಅಗ್ಗದ ಬೋರ್ಡು ಹುಟ್ಟಿತು. 2009ರಲ್ಲಿ ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುದ್ ಆ ಬೋರ್ಡಿನಲ್ಲೇ ಓಡುವ ಜಿಆರ್‌ಬಿಎಲ್ ಎಂಬ ಪ್ರೋಗ್ರಾಂ ಬರೆದು ಪುಕ್ಕಟೆ ಬಿಟ್ಟರು. ಕೋಣೆ ತುಂಬುವ ಟ್ಯೂಬುಗಳ ಕೆಲಸ ಅಂಗೈಯಗಲದ ಬೋರ್ಡಿಗೆ ಇಳಿಯಿತು.

ನನ್ನದು ದಪ್ಪ ಪ್ಲೈವುಡ್ಡಿನ ಚೌಕಟ್ಟು, ಮೂರು ದಿಕ್ಕಿಗೆ ಸ್ಟೆಪ್ಪರ್ ಮೋಟಾರು, ಬಡಿಗರು ಬಳಸುವ ಟ್ರಿಮ್ಮರ್. ಮಾಡಬೇಕಿದ್ದದ್ದು ನಮ್ಮ ವಾಚನಾಲಯದ ಬೋರ್ಡು. ಮೊದಲು ಒಂದು ತುಂಡಿನ ಮೇಲೆ 100 ಮಿಲಿಮೀಟರ್ ಗೆರೆ ಎಳೆಯೆಂದೆ. 62.5 ಎಳೆದು ನಿಂತಿತು. ಎರಡು ದಿನ ನಟ್ಟು ಬೋಲ್ಟು ಬಿಚ್ಚಿದೆ. ತಪ್ಪು ಅಲ್ಲಿರಲಿಲ್ಲ. ಮೋಟಾರು ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ, ಡ್ರೈವರು ಒಂದೊಂದನ್ನೂ 16 ಪಾಲು ಮಾಡುತ್ತದೆ, ಒಟ್ಟು 3200. ಒಂದು ಸುತ್ತಿಗೆ ಸ್ಕ್ರೂ ದೂಡುವುದು 8 ಮಿಲಿಮೀಟರ್. ಅಂದರೆ ಮಿಲಿಮೀಟರಿಗೆ 400 ಹೆಜ್ಜೆ. ಪ್ರೋಗ್ರಾಮಿನಲ್ಲಿ ಮೊದಲೇ ಬರೆದಿದ್ದ ಅಂಕಿ 250. ಮೂರು ಕಡೆ 400 ಎಂದು ತಿದ್ದಿದ ಮೇಲೆ ಗೆರೆ ಸರಿಯಾಯಿತು. ಮಾಸ್ತರರು ಏಳನೆತ್ತೆಯ ಮಕ್ಕಳಿಗೆ ಈ ಲೆಕ್ಕ ಕೊಟ್ಟು ನೋಡಬಹುದು.

ಅಕ್ಷರದ ತೊಂದರೆ ಇದಕ್ಕಿಂತ ದೊಡ್ಡದು. ಕಂಪ್ಯೂಟರಿನ ಕನ್ನಡ ಅಕ್ಷರಕ್ಕೆ ಸುತ್ತಲ ಅಂಚು ಮಾತ್ರ ಇರುತ್ತದೆ, ಯಂತ್ರ ಆ ಅಂಚನ್ನೇ ಕೊರೆದು ಪ್ರತಿ ಗೆರೆಯನ್ನೂ ಜೋಡಿ ಮಾಡುತ್ತದೆ. ನಡುಗೆರೆಯ ಅಕ್ಷರ ಇಂಗ್ಲಿಷಿಗೆ ಬೇಕಾದಷ್ಟಿವೆ, ನನಗೆ ಬೇಕಾದಂಥದು ಕನ್ನಡದಲ್ಲಿ ಸಿಗಲಿಲ್ಲ. ನಮ್ಮ ಹಳೇ ಬೋರ್ಡನ್ನು ಬರೆದ ಪೇಂಟರು ಮರಾಠಿ, ಕನ್ನಡ ಎರಡನ್ನೂ ಒಂದೇ ಕೈಯಲ್ಲಿ ಬರೆಯುತ್ತಿದ್ದರು, ಈಗಿಲ್ಲ. ಅವರಾದ ಮೇಲೆ ನಮ್ಮಲ್ಲಿ ಕನ್ನಡ ಬೋರ್ಡು ಬರೆಯುವವರು ಉಳಿದಿಲ್ಲ. ಬಣ್ಣ ಉದುರಿದ ಆ ಬೋರ್ಡಿನ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಅವರ ಕುಂಚ ಓಡಿದ ನಡುದಾರಿಯಲ್ಲೇ ಗೆರೆ ಎಳೆದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸಂಜೆ ಹೋಯಿತು. ತಲೆಕಟ್ಟನ್ನು ಅವರು ಎಡದಿಂದ ತುಸು ಮೇಲಕ್ಕೆ ಎತ್ತುತ್ತಿದ್ದರು ಅನ್ನುವುದು, ಇಷ್ಟು ವರ್ಷ ಆ ಬೋರ್ಡಿನ ಕೆಳಗೆ ಕೂತರೂ ನನ್ನ ಕಣ್ಣಿಗೆ ಬಿದ್ದದ್ದು ಆಗಲೇ.

ಮೊದಲ ಸಲ 3 ಮಿಲಿಮೀಟರಿನ ಉಳಿ ಹಾಕಿದ್ದೆ. ಉಳಿಗಿಂತ ಸಣ್ಣ ಸಂದಿ ಹೇಗೆ ಉಳಿದೀತು? ಕನ್ನಡದ ಒತ್ತಕ್ಷರ ಕುಣಿಯಾಗಿ ಹೋಯಿತು. ಚೂಪು ತುದಿಯ ಉಳಿ ಹಾಕಿ, ಹೊಸ ಹಲಗೆ ತಂದು ಮತ್ತೆ ಕೊರೆದೆ. ಕೆಟ್ಟ ಹಲಗೆ ಕಾಕಾನ ಮನೆಯಲ್ಲಿ ನೀರಿನ ಮಡಕೆಗೆ ಮುಚ್ಚಳವಾಗಿದೆ. ಹಳೇ ಬೋರ್ಡನ್ನು ವಾಚನಾಲಯದ ಒಳಗೆ, ಪತ್ರಿಕೆಗಳ ಮೇಜಿನ ಮೇಲ್ಭಾಗದ ಗೋಡೆಗೆ ತೂಗುಹಾಕಿದ್ದೇವೆ. ಎರಡನ್ನೂ ನೋಡಿದ ಕಾಕಾ, "ಹೊಸಾದು ಛಲೋ ಆಗೇದ, ಆದ್ರ ಕುಂಚ ಎಲ್ಲಿ ಒತ್ತೇತಿ, ಎಲ್ಲಿ ಎತ್ತೇತಿ ಅನ್ನೋದು ಇದ್ರಾಗ ಕಾಣ್ಸಂಗಿಲ್ಲ" ಅಂದರು. ಆಳವನ್ನು ಹೆಚ್ಚು ಕಡಿಮೆ ಮಾಡಿದರೆ ಚೂಪು ಉಳಿಯ ಗೆರೆ ದಪ್ಪ, ಸಣ್ಣ ಆಗುತ್ತದೆ. ಆ ಅಂಕಿಗಳನ್ನು ಈಗ ಬರೆಯುತ್ತಿದ್ದೇನೆ.