ಮೆಟ್ಟಿಲು ಕಟ್ಟಿದವರು

1935ರ ಮೇ ತಿಂಗಳು. ಆರ್ಥಿಕ ಮಹಾಕುಸಿತದ ಹೊಡೆತದಿಂದ ಅಮೆರಿಕ ಇನ್ನೂ ಚೇತರಿಸಿಕೊಂಡಿರಲಿಲ್ಲ. ಒಹಾಯೋ ರಾಜ್ಯದ ಆಕ್ರನ್ ನಗರದ ಮೇಫ್ಲವರ್ ಹೋಟೆಲಿನ ಮೊಗಸಾಲೆಯಲ್ಲಿ ಒಬ್ಬರು ಶತಪಥ ಹಾಕುತ್ತಿದ್ದರು. ಅವರ ಹೆಸರು ಬಿಲ್ ವಿಲ್ಸನ್. ಒಂದು ಕಾಲಕ್ಕೆ ವಾಲ್ ಸ್ಟ್ರೀಟಿನಲ್ಲಿ ಓಡಾಡಿದ ಜೀವ. ಕುಡಿತ ಅವರ ಹಣವನ್ನೂ ಮಾನವನ್ನೂ ನುಂಗಿ ನೀರು ಕುಡಿದಿತ್ತು. ಹಿಂದಿನ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಟೌನ್ಸ್ ಆಸ್ಪತ್ರೆ ಸೇರಿದ ಮೇಲೆ ಐದು ತಿಂಗಳಿಂದ ಒಂದು ಹನಿಯನ್ನೂ ಮುಟ್ಟಿರಲಿಲ್ಲ. ಈಗ ನಂಬಿ ಬಂದ ವ್ಯವಹಾರ ಕೈಕೊಟ್ಟಿತ್ತು. ಮೊಗಸಾಲೆಯ ಒಂದು ತುದಿಯಲ್ಲಿ ಬಾರು, ಅಲ್ಲಿಂದ ತೇಲಿಬರುವ ನಗು. ಇನ್ನೊಂದು ತುದಿಯಲ್ಲಿ ಟೆಲಿಫೋನು, ಪಕ್ಕದಲ್ಲೇ ಊರಿನ ಚರ್ಚುಗಳ ಪಟ್ಟಿ.

ವಿಲ್ಸನ್ ಟೆಲಿಫೋನಿನತ್ತ ನಡೆದರು. ತಾನು ಉಳಿಯಬೇಕಾದರೆ ತನ್ನಂತೆಯೇ ನರಳುತ್ತಿರುವ ಇನ್ನೊಬ್ಬ ಕುಡುಕನೊಡನೆ ಮಾತಾಡಬೇಕು ಎಂಬುದು ಅವರಿಗೆ ಹೊಳೆದಿತ್ತು. ಪಾದ್ರಿಯೊಬ್ಬರ ಮೂಲಕ ಹೆನ್ರಿಯೆಟಾ ಸೈಬರ್ಲಿಂಗ್ ಎಂಬ ಮಹಿಳೆಯ ಪರಿಚಯವಾಯಿತು. ಮರುದಿನ, ಮೇ 12ರ ಸಂಜೆ, ಆಕೆಯ ಮನೆಗೆ ಕುಡಿತಕ್ಕೆ ಸಿಕ್ಕಿ ನರಳುತ್ತಿದ್ದ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್ ಬಂದರು. ಹದಿನೈದೇ ನಿಮಿಷ ಎಂದು ಕರಾರು ಹಾಕಿ ಬಂದ ಡಾಕ್ಟರು ಎದ್ದು ಹೊರಟಾಗ ಆರು ತಾಸು ಕಳೆದಿತ್ತು. ಅದುವರೆಗೆ ಅವರಿಗೆ ಬುದ್ಧಿ ಹೇಳಿದವರು ಬಹಳ ಮಂದಿ. ತಮ್ಮದೇ ಸೋಲನ್ನು ಎದುರಿಗೆ ತೆರೆದಿಟ್ಟವರಲ್ಲಿ ವಿಲ್ಸನ್ನರೇ ಮೊದಲಿಗರು.

ಆದರೂ ಡಾಕ್ಟರು ಮತ್ತೊಮ್ಮೆ ಎಡವಿದರು. ಶಸ್ತ್ರಚಿಕಿತ್ಸೆ ಮಾಡಬೇಕಿದ್ದ ಜೂನ್ ತಿಂಗಳ ಒಂದು ಬೆಳಿಗ್ಗೆ ಅವರ ಕೈ ನಡುಗುತ್ತಿತ್ತು. ನಡುಕ ನಿಲ್ಲಲೆಂದು ವಿಲ್ಸನ್ನರೇ ಒಂದು ಬಿಯರ್ ಕೊಟ್ಟರು. ಅದೇ ಕೊನೆಯದು. ಕೆಲಸ ಮುಗಿದ ಮೇಲೂ ಡಾಕ್ಟರು ಗಂಟೆಗಟ್ಟಲೆ ಮನೆಗೆ ಬರಲಿಲ್ಲ. ಮನೆಯವರ ಜೀವ ಕೈಯಲ್ಲಿತ್ತು. ಅವರು ಹೋದದ್ದು ಬಾರಿಗಲ್ಲ. ಸಾಲ ಕೊಟ್ಟವರ, ತನ್ನಿಂದ ನೊಂದವರ ಬಾಗಿಲು ಬಾಗಿಲಿಗೂ ಹೋಗಿ ತಪ್ಪೊಪ್ಪಿಕೊಂಡು ಬಂದಿದ್ದರು. ಇವರಿಬ್ಬರು ಕಟ್ಟಿದ, ಕುಡಿತ ಬಿಡುವವರ ಸಂಘ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ತನ್ನ ಜನ್ಮದಿನವೆಂದು ಆಚರಿಸುವ ಜೂನ್ 10 ಆ ದಿನದ ನೆನಪು.

ಕುಡಿತದಿಂದ ಹೊರಬರಲು ಸಂಘ ಹಾಕಿಕೊಟ್ಟ ಹನ್ನೆರಡು ಮೆಟ್ಟಿಲುಗಳು ಬರಹಕ್ಕಿಳಿದದ್ದು 1938ರ ಕೊನೆಯಲ್ಲಿ. ಅವನ್ನೊಳಗೊಂಡ ಪುಸ್ತಕ ಹೊರಬಂದದ್ದು 1939ರಲ್ಲಿ. ಮದ್ಯದ ಹೆಸರೆತ್ತುವುದು ಮೊದಲ ಮೆಟ್ಟಿಲು ಮಾತ್ರ. ಮುಂದಿನದೆಲ್ಲ ಮನಸ್ಸಿನ ಕೆಲಸ: ತನ್ನ ಗುಣದೋಷಗಳ ಲೆಕ್ಕ ಬರೆಯುವುದು, ಅದನ್ನು ಇನ್ನೊಬ್ಬರೆದುರು ಬಾಯಿಬಿಟ್ಟು ಹೇಳುವುದು, ನೋಯಿಸಿದವರ ಋಣ ತೀರಿಸುವುದು, ಪ್ರಾರ್ಥನೆ, ಧ್ಯಾನ, ಕೊನೆಗೆ ಇನ್ನೊಬ್ಬ ವ್ಯಸನಿಗೆ ಕೈ ನೀಡುವುದು. ದೇವರ ವಿಷಯದಲ್ಲಿ ಸದಸ್ಯರಲ್ಲೇ ಜಟಾಪಟಿ ನಡೆದು, ಅವರವರು ಅರಿತಂಥ ದೇವರು ಎಂಬಲ್ಲಿಗೆ ಮಾತು ನಿಂತಿತು. ಆ ಒಂದು ಮಾತಿನಿಂದ ನಾಸ್ತಿಕನಿಗೂ ಬಾಗಿಲು ತೆರೆಯಿತು.

ಆದರೆ ಸೀಸೆ ಕೆಳಗಿಟ್ಟ ಮಾತ್ರಕ್ಕೆ ಮನಸ್ಸು ಬಲಿಯುವುದಿಲ್ಲ. ಇದನ್ನು ಹೆಚ್ಚು ನೋವಿನಿಂದ ಕಲಿತವರು ವಿಲ್ಸನ್ನರೇ. ಸಾವಿರಾರು ಜನ ಅವರನ್ನು ಉದ್ಧಾರಕನೆಂದು ಕಾಣುತ್ತಿದ್ದ 1940ರ ದಶಕದಲ್ಲಿ ಅವರು ವರ್ಷಗಟ್ಟಲೆ ಖಿನ್ನತೆಯಲ್ಲಿ ಮುಳುಗಿದರು. ಕುಡಿತ ಮರುಕಳಿಸಲಿಲ್ಲ, ನೆಮ್ಮದಿಯೂ ಬರಲಿಲ್ಲ. 1958ರಲ್ಲಿ ಸಂಘದ ಪತ್ರಿಕೆ ‘ಗ್ರೇಪ್‌ವೈನ್’ನಲ್ಲಿ ಅವರು ಅದರ ಕಾರಣವನ್ನು ಬಿಚ್ಚಿಟ್ಟರು. ಮದ್ಯವನ್ನು ಬಿಟ್ಟಿದ್ದರೂ ಜನರ ಮೆಚ್ಚುಗೆಯ ಆಸರೆಯನ್ನು ಬಿಟ್ಟಿರಲಿಲ್ಲ; ಅದು ಸಿಗದಾಗಲೆಲ್ಲ ಕುಸಿಯುತ್ತಿದ್ದರು. ಪ್ರೀತಿಯನ್ನು ಬೇಡುವುದು ನಿಂತು ಕೊಡುವುದು ಮೊದಲಾದಾಗ ಬಿಡುಗಡೆ ಎಂಬುದನ್ನು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನ ಪ್ರಾರ್ಥನೆಯಿಂದ ಕಂಡುಕೊಂಡರು. ಗುರುವೆನಿಸಿಕೊಂಡವರು ತನ್ನ ಮನಸ್ಸಿನ್ನೂ ಎಳಸು ಎಂದು ಶಿಷ್ಯರೆದುರು ಒಪ್ಪಿಕೊಂಡದ್ದು ಚರಿತ್ರೆಯಲ್ಲಿ ಅಪರೂಪ. ಈ ಚಳವಳಿಯ ಆತ್ಮಬಲವಿರುವುದು ಅಲ್ಲಿಯೇ.

ಅನಾಮಿಕರಾಗಿ ಉಳಿಯುವುದು ಸಂಘದ ನೇಮ; 1954ರಲ್ಲಿ ಯೇಲ್ ವಿಶ್ವವಿದ್ಯಾಲಯ ನೀಡಬಂದ ಗೌರವ ಪದವಿಯನ್ನು ವಿಲ್ಸನ್ ವಿನಯದಿಂದ ಬೇಡವೆಂದಿದ್ದರು. 1950ರಲ್ಲಿ ತೀರಿಕೊಂಡ ಡಾ. ಬಾಬ್ ಆಕ್ರನ್ನಿನಲ್ಲಿ, 1971ರಲ್ಲಿ ತೀರಿಕೊಂಡ ವಿಲ್ಸನ್ ವರ್ಮಾಂಟಿನ ಈಸ್ಟ್ ಡಾರ್ಸೆಟ್‌ನಲ್ಲಿ ಮಣ್ಣಾಗಿದ್ದಾರೆ. ಇಬ್ಬರ ಸಮಾಧಿಯ ಕಲ್ಲಿನ ಮೇಲೂ ಅವರು ಕಟ್ಟಿದ ಸಂಘದ ಹೆಸರಿಲ್ಲ.