ಮುಂದಿರುವುದನ್ನು ಹಿಡಿಯಲು ಬ್ರೇಕ್ ಹಾಕಿ!

ಊರ ಹೊರಗಿನ ರಸ್ತೆಯಲ್ಲಿ ನೀವು ಸ್ಕೂಟರ್ ಓಡಿಸುತ್ತಿದ್ದೀರಿ. ನೂರು ಮಾರು ಮುಂದೆ ಒಂದು ಬಸ್ಸು ಹೋಗುತ್ತಿದೆ. ಅದನ್ನು ಹಿಡಿಯಬೇಕು. ಏನು ಮಾಡುತ್ತೀರಿ? ವೇಗ ಹೆಚ್ಚಿಸುತ್ತೀರಿ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಭೂಮಿಯಿಂದ ಇನ್ನೂರು ಮುನ್ನೂರು ಕಿಲೋಮೀಟರ್ ಮೇಲೆ ಇದೇ ಬುದ್ಧಿ ಉಪಯೋಗಿಸಿದರೆ ಮುಂದಿರುವುದು ಹತ್ತಿರ ಬರುವುದಿಲ್ಲ. ಇನ್ನಷ್ಟು ದೂರ ಹೋಗುತ್ತದೆ!

1965ರ ಜೂನ್ 3ರಂದು ಅಮೆರಿಕದ ಗಗನಯಾತ್ರಿ ಜೇಮ್ಸ್ ಮೆಕ್‌ಡಿವಿಟ್ ಅವರಿಗೆ ಆದದ್ದು ಇದೇ. ಎಡ್ವರ್ಡ್ ವೈಟ್ ಜೊತೆ ಜೆಮಿನಿ-4 ನೌಕೆಯಲ್ಲಿ ಕಕ್ಷೆ ಸೇರಿದ್ದ ಅವರಿಗೆ ಒಂದು ಕೆಲಸ ವಹಿಸಲಾಗಿತ್ತು. ತಮ್ಮನ್ನು ಮೇಲಕ್ಕೆ ಹೊತ್ತು ತಂದ ಟೈಟಾನ್ ರಾಕೆಟ್ಟಿನ ಖಾಲಿ ಹಂತ ಅಲ್ಲೇ ಸಮೀಪದಲ್ಲಿ ತೇಲುತ್ತಿತ್ತು. ಅದರ ಬಳಿ ಹೋಗಿ ಜೊತೆಜೊತೆಯಾಗಿ ಸಾಗಬೇಕು, ಅಷ್ಟೇ. ಮೆಕ್‌ಡಿವಿಟ್ ಸಾಮಾನ್ಯ ಚಾಲಕರಲ್ಲ. ಕೊರಿಯಾ ಯುದ್ಧದಲ್ಲಿ 145 ಬಾರಿ ಯುದ್ಧವಿಮಾನ ಹಾರಿಸಿದ್ದವರು, ಪಳಗಿದ ಪರೀಕ್ಷಾ ಪೈಲಟ್. ಅವರು ನೌಕೆಯ ಮೂತಿಯನ್ನು ರಾಕೆಟ್ಟಿನ ಕಡೆ ತಿರುಗಿಸಿ ಎಂಜಿನ್ ಉರಿಸಿದರು. ರಾಕೆಟ್ ದೂರ ಸರಿಯಿತು. ಮತ್ತೆ ಉರಿಸಿದರು. ಮತ್ತಷ್ಟು ಸರಿಯಿತು. ಇಂಧನದಲ್ಲಿ ಹೆಚ್ಚುಕಡಿಮೆ ಅರ್ಧ ಖಾಲಿಯಾದಾಗ ಪ್ರಯತ್ನವನ್ನೇ ಕೈಬಿಡಬೇಕಾಯಿತು.

ಅದೇ ಯಾನದಲ್ಲಿ ಎಡ್ವರ್ಡ್ ವೈಟ್ ನೌಕೆಯಿಂದ ಹೊರಬಂದು ಬಾಹ್ಯಾಕಾಶದಲ್ಲಿ ತೇಲಿದ ಮೊದಲ ಅಮೆರಿಕನ್ ಎನಿಸಿದರು. ಆ ಸಂಭ್ರಮದಲ್ಲಿ ಈ ಸೋಲು ಮರೆಗೆ ಸರಿಯಿತು. ಆದರೆ ಚಂದ್ರನಿಗೆ ಹೊರಟಿದ್ದವರ ಪಾಲಿಗೆ ಅದು ಸಣ್ಣ ಸಂಗತಿಯಾಗಿರಲಿಲ್ಲ. ಚಂದ್ರನಿಂದ ಮೇಲೆದ್ದು ಬರುವ ಚಿಕ್ಕ ನೌಕೆ, ಮೇಲೆ ಸುತ್ತುತ್ತಿರುವ ದೊಡ್ಡ ನೌಕೆಯನ್ನು ಹುಡುಕಿ ಹಿಡಿಯಲೇಬೇಕು. ಹಿಡಿಯದಿದ್ದರೆ ಅದರಲ್ಲಿದ್ದವರು ಮನೆಗೆ ಮರಳುವಂತಿಲ್ಲ.

ಒಳಸುತ್ತಿನ ಗುಟ್ಟು

ಹೀಗೇಕೆ ಆಗುತ್ತದೆ? ಕಕ್ಷೆಯಲ್ಲಿರುವ ನೌಕೆ ಎಂದರೆ ಬೀಳುತ್ತಲೇ ಇರುವ ನೌಕೆ. ಅದು ಅಡ್ಡಲಾಗಿ ಎಷ್ಟು ಜೋರಾಗಿ ಓಡುತ್ತಿರುತ್ತದೆ ಎಂದರೆ, ಅದು ಬೀಳುವಷ್ಟರಲ್ಲಿ ಕೆಳಗಿನ ಗುಂಡನೆಯ ಭೂಮಿಯೂ ಬಾಗಿ ತಪ್ಪಿಸಿಕೊಂಡಿರುತ್ತದೆ. 400 ಕಿ.ಮೀ. ಎತ್ತರದಲ್ಲಿ ಈ ವೇಗ ಗಂಟೆಗೆ ಸುಮಾರು 28,000 ಕಿ.ಮೀ. ಅಷ್ಟು ವೇಗದಲ್ಲಿ ಭೂಮಿಗೆ ಒಂದು ಸುತ್ತು ಹಾಕಲು ಒಂದೂವರೆ ಗಂಟೆ ಸಾಕು.

ದೇವಸ್ಥಾನದಲ್ಲಿ ಪ್ರದಕ್ಷಿಣೆ ಹಾಕುವವರನ್ನು ನೆನೆಯಿರಿ. ಗರ್ಭಗುಡಿಯ ಹತ್ತಿರದ ಒಳಸುತ್ತಿನಲ್ಲಿ ನಡೆಯುವವರು ಹೊರಸುತ್ತಿನವರಿಗಿಂತ ಬೇಗ ಒಂದು ಸುತ್ತು ಮುಗಿಸುತ್ತಾರೆ. ಬಾಹ್ಯಾಕಾಶದಲ್ಲಿ ಇನ್ನೂ ಒಂದು ವಿಶೇಷವಿದೆ. ಅಲ್ಲಿ ಒಳಸುತ್ತಿನವರು ನಡೆಯುವುದೂ ಹೆಚ್ಚು ಚುರುಕು. ಈಗ ನೌಕೆಯ ಎಂಜಿನ್ನನ್ನು ಮುನ್ನುಗ್ಗಲು ಉರಿಸಿದರೆ ಅದು ಮೇಲಕ್ಕೇರಿ ಹೊರಸುತ್ತಿಗೆ ಹೋಗುತ್ತದೆ. ಸುತ್ತು ದೊಡ್ಡದಾಗುತ್ತದೆ, ಮೇಲೇರುತ್ತಾ ವೇಗವೂ ತಗ್ಗುತ್ತದೆ. ಕೊನೆಗೆ ನೌಕೆ ಹಿಂದೆ ಬೀಳುತ್ತದೆ. ಬದಲಾಗಿ ಬ್ರೇಕ್ ಹಾಕಿದರೆ ಅದು ಒಳಸುತ್ತಿಗೆ ಇಳಿಯುತ್ತದೆ. ಇಳಿಯುತ್ತಾ ವೇಗ ಪಡೆದು ಮುಂದಿರುವುದನ್ನು ಸಮೀಪಿಸುತ್ತದೆ. ಆಮೇಲೆ ಸರಿಯಾದ ಹೊತ್ತು ನೋಡಿ ಮೇಲಕ್ಕೆ ಬರಬೇಕು.

ಈ ಲೆಕ್ಕ ಹೊಸದೇನಲ್ಲ. ಕೆಪ್ಲರ್ ಮತ್ತು ನ್ಯೂಟನ್ ಹದಿನೇಳನೇ ಶತಮಾನದಲ್ಲೇ ಇದರ ಸೂತ್ರಗಳನ್ನು ಕೊಟ್ಟಿದ್ದರು. ಮುಂದೆ ಚಂದ್ರನ ಮೇಲೆ ನಡೆದ ಬಜ್ ಆಲ್ಡ್ರಿನ್ 1963ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಡಾಕ್ಟರೇಟ್ ಪಡೆದದ್ದೇ ಎರಡು ನೌಕೆಗಳ ಭೇಟಿಯನ್ನು ಕುರಿತ ಪ್ರಬಂಧಕ್ಕೆ. ಅಂದರೆ ವಿಷಯ ಕಾಗದದ ಮೇಲೆ ಗೊತ್ತಿತ್ತು, ಪೈಲಟ್‌ನ ಕೈಗೆ ಗೊತ್ತಿರಲಿಲ್ಲ. ನೆಲದ ಮೇಲೆ ಹುಟ್ಟಿ ಬೆಳೆದ ಕೈ, ಅಪಾಯದ ಹೊತ್ತಿನಲ್ಲಿ ನೆಲದ ಪಾಠವನ್ನೇ ನೆನೆಯುತ್ತದೆ. ಅದನ್ನು ಮರೆಸಬೇಕು. ಎಲ್ಲಿ ಮರೆಸುವುದು?

ಹಾರ್ಮೋನಿಯಂ ತಿದಿಯ ವಿಮಾನ

ಉತ್ತರ ಸಿಕ್ಕಿದ್ದು ಒಂದು ಆಟಿಕೆಯಿಂದ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬ ಯುವಕನ ತಂದೆಗೆ ಆರ್ಗನ್ ವಾದ್ಯ ತಯಾರಿಸುವ ಕಾರ್ಖಾನೆಯಿತ್ತು. ಆರ್ಗನ್ ಎಂದರೆ ನಮ್ಮ ಹಾರ್ಮೋನಿಯಂನಂತೆ ಗಾಳಿ ತುಂಬುವ ತಿದಿಯಿಂದ ನುಡಿಯುವ ದೊಡ್ಡ ವಾದ್ಯ. ವಿಮಾನ ಹಾರಿಸುವ ಹುಚ್ಚು ಹತ್ತಿದ್ದ ಲಿಂಕ್ 1929ರ ವೇಳೆಗೆ ಅದೇ ತಿದಿ, ಪಂಪುಗಳನ್ನು ಬಳಸಿ ನಿಂತಲ್ಲೇ ಓಲಾಡುವ, ಬಾಗುವ, ತಿರುಗುವ ಪುಟ್ಟ ವಿಮಾನ ಮಾಡಿದ. ವಿಮಾನ ಹಾರಿಸಲು ಕಲಿಸುವ ಯಂತ್ರವಿದು ಎಂದರೂ ಮೊದಮೊದಲು ಕೊಂಡವರು ಮನರಂಜನಾ ಪಾರ್ಕುಗಳವರು. ಕಾಸು ಕೊಟ್ಟು ಕೂರುವ ಆಟವಾಗಿ ಅದು ಪಾರ್ಕುಗಳಲ್ಲಿ ನಿಂತಿತು.

1934ರಲ್ಲಿ ಅಮೆರಿಕದ ಸೇನೆಗೆ ವಿಮಾನದಲ್ಲಿ ಟಪಾಲು ಸಾಗಿಸುವ ಹೊಣೆ ಬಿತ್ತು. ಚಳಿಗಾಲದ ಮಂಜು, ಮೋಡ, ಕತ್ತಲೆ. ಕಣ್ಣಿಗೆ ಏನೂ ಕಾಣದಾಗ ಉಪಕರಣಗಳ ಮುಳ್ಳನ್ನಷ್ಟೇ ನಂಬಿ ಹಾರುವ ಅಭ್ಯಾಸ ಪೈಲಟ್‌ಗಳಿಗೆ ಇರಲಿಲ್ಲ. ಕೆಲವೇ ವಾರಗಳಲ್ಲಿ ಹಲವರು ಸತ್ತರು. ಆಗ ಸೇನೆಗೆ ಲಿಂಕ್‌ನ ಆಟಿಕೆ ನೆನಪಾಗಿ ಆರು ಯಂತ್ರಗಳನ್ನು ಕೊಂಡಿತು. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಪೈಲಟ್‌ಗಳು ಅದರಲ್ಲಿ ಕುಳಿತು ಕಲಿತರು. ಮುಂದೆ ಅಪೊಲೊ ಯಾತ್ರಿಗಳ ತರಬೇತಿಯ ಸಿಮ್ಯುಲೇಟರುಗಳನ್ನು, ಅಂದರೆ ಅಣಕು ನೌಕೆಗಳನ್ನು, ತಯಾರಿಸಿದ್ದೂ ಲಿಂಕ್ ಹುಟ್ಟುಹಾಕಿದ ಸಂಸ್ಥೆಯೇ.

ಮೆಕ್‌ಡಿವಿಟ್ ಸೋತ ಆರು ತಿಂಗಳಿಗೆ, 1965ರ ಡಿಸೆಂಬರ್ 15ರಂದು ಜೆಮಿನಿ-6ಎ ನೌಕೆಯ ವಾಲಿ ಶಿರಾ, ತಮ್ಮ ನೌಕೆಯನ್ನು ಜೆಮಿನಿ-7ರಿಂದ ಕೇವಲ ಒಂದು ಅಡಿ ದೂರಕ್ಕೆ ತಂದು ನಿಲ್ಲಿಸಿದರು. 1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಮೊತ್ತಮೊದಲ ಬಾರಿಗೆ ಎರಡು ನೌಕೆಗಳನ್ನು ಜೋಡಿಸಿದರು. ಅದೇ ನವೆಂಬರಿನಲ್ಲಿ ಜೆಮಿನಿ-12ರ ರೇಡಾರ್ ಕೈಕೊಟ್ಟಾಗ ಆಲ್ಡ್ರಿನ್ ಕೋನಮಾಪಕ ಮತ್ತು ಕೋಷ್ಟಕ ಹಿಡಿದು ಲೆಕ್ಕ ಹಾಕಿಯೇ ದಾರಿ ತೋರಿಸಿದರು.

ಎಲ್ಲ ಅಭ್ಯಾಸವೂ ಸುರಕ್ಷಿತವಾಗಿರಲಿಲ್ಲ. ಚಂದ್ರನ ಮೇಲೆ ಇಳಿಯುವುದನ್ನು ಕಲಿಸಲು ಮಾಡಿದ್ದ ವಾಹನಕ್ಕೆ ‘ಹಾರುವ ಮಂಚ’ ಎಂದು ಅಡ್ಡಹೆಸರು. ನೆಟ್ಟಗೆ ನಿಲ್ಲಿಸಿದ ಜೆಟ್ ಎಂಜಿನ್ ಅದರ ತೂಕದ ಆರರಲ್ಲಿ ಐದು ಪಾಲನ್ನು ಹೊರುತ್ತಿತ್ತು. ಉಳಿದ ಒಂದು ಪಾಲು ಚಂದ್ರನ ಗುರುತ್ವಕ್ಕೆ ಸಮ. 1968ರ ಮೇ 6ರಂದು ಅದು ನಿಯಂತ್ರಣ ತಪ್ಪಿ ವಾಲಿದಾಗ ಆರ್ಮ್‌ಸ್ಟ್ರಾಂಗ್ ಆಸನದ ಸಮೇತ ಹೊರಚಿಮ್ಮಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ವಾಹನ ನೆಲಕ್ಕಪ್ಪಳಿಸಿ ಉರಿಯಿತು. ಅಂಥ ಐದು ವಾಹನಗಳಲ್ಲಿ ಮೂರು ಹೀಗೆಯೇ ನಾಶವಾದವು. ಆದರೂ ಆರ್ಮ್‌ಸ್ಟ್ರಾಂಗ್ ಅಭ್ಯಾಸ ಬಿಡಲಿಲ್ಲ. 1969ರ ಜುಲೈ 20ರಂದು ಇಳಿಯಬೇಕಾದ ಜಾಗದಲ್ಲಿ ಬಂಡೆಗಳು ಕಂಡಾಗ ನೌಕೆಯನ್ನು ಕೈಯಾರೆ ನಡೆಸಿ, ಇಂಧನ ತಳ ಕಾಣುವ ಹೊತ್ತಿಗೆ ಸಮತಟ್ಟಾದ ಜಾಗದಲ್ಲಿ ಇಳಿಸಿದರು.

ಬೆರಳಚ್ಚಿನಲ್ಲಿ ಚಂದ್ರಯಾನ

ಇದೇ ಹೊತ್ತಿಗೆ ಇನ್ನೊಂದು ಕಡೆ ಬೇರೆಯೇ ಶಾಲೆಯೊಂದು ಶುರುವಾಗಿತ್ತು. 1962ರಲ್ಲಿ ಎಂ.ಐ.ಟಿ.ಯ ಸ್ಟೀವ್ ರಸೆಲ್ ಮತ್ತು ಗೆಳೆಯರು ಪಿ.ಡಿ.ಪಿ.-1 ಎಂಬ ಕಂಪ್ಯೂಟರಿನಲ್ಲಿ ‘ಸ್ಪೇಸ್‌ವಾರ್’ ಎಂಬ ಆಟ ಬರೆದರು. ಪರದೆಯ ಮೇಲೆ ಎರಡು ನೌಕೆಗಳ ಕಾದಾಟ. ಗೆಳೆಯರಲ್ಲೊಬ್ಬರಾದ ಡ್ಯಾನ್ ಎಡ್ವರ್ಡ್ಸ್ ನಡುವಿನ ನಕ್ಷತ್ರಕ್ಕೆ ಗುರುತ್ವಾಕರ್ಷಣೆ ಸೇರಿಸಿದ ಮೇಲೆ ಆಟದ ಬಣ್ಣವೇ ಬದಲಾಯಿತು. ಎಂಜಿನ್ ಆರಿಸಿದರೂ ನೌಕೆ ನಿಲ್ಲುವುದಿಲ್ಲ. ಹೊಸಬರು ನಕ್ಷತ್ರಕ್ಕೆ ಬಿದ್ದು ಸಾಯುತ್ತಿದ್ದರು. ಪಳಗಿದವರು ನಕ್ಷತ್ರದ ಪಕ್ಕದಲ್ಲೇ ಬಳಸಿ ಅದರ ಸೆಳೆತದಿಂದಲೇ ವೇಗ ಪಡೆಯುತ್ತಿದ್ದರು.

ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಇಳಿದ ವರ್ಷವೇ ಅಮೆರಿಕದ ಲೆಕ್ಸಿಂಗ್ಟನ್ ಪ್ರೌಢಶಾಲೆಯ ವಿದ್ಯಾರ್ಥಿ ಜಿಮ್ ಸ್ಟೋರರ್ ಚಂದ್ರನ ಮೇಲೆ ನೌಕೆ ಇಳಿಸುವ ಆಟ ಬರೆದ. ಅದಕ್ಕೆ ಚಿತ್ರವೂ ಇಲ್ಲ, ಪರದೆಯೂ ಇಲ್ಲ. ಟೆಲಿಪ್ರಿಂಟರಿನಂಥ ಯಂತ್ರ ಕಾಗದದ ಮೇಲೆ ಎತ್ತರ, ವೇಗ, ಉಳಿದ ಇಂಧನವನ್ನು ಟಕಟಕನೆ ಅಚ್ಚು ಮಾಡುತ್ತಿತ್ತು. 120 ಮೈಲಿ ಎತ್ತರದಿಂದ ಗಂಟೆಗೆ 3,600 ಮೈಲಿ ವೇಗದಲ್ಲಿ ಬೀಳುತ್ತಿರುವ ನೌಕೆಗೆ ಪ್ರತಿ ಹತ್ತು ಸೆಕೆಂಡಿಗೆ ಎಷ್ಟು ಇಂಧನ ಉರಿಸಬೇಕೆಂದು ಆಟಗಾರ ಹೇಳಬೇಕು. ಹೆದರಿ ಮೊದಲೇ ಬ್ರೇಕ್ ಹಾಕಿದವರಿಗೆ ನಡುದಾರಿಯಲ್ಲೇ ಇಂಧನ ಮುಗಿಯುತ್ತಿತ್ತು. ಧೈರ್ಯದಿಂದ ತಡೆದು, ಕೊನೆಯಲ್ಲಿ ಜೋರಾಗಿ ಉರಿಸಿದವರು ಮೆಲ್ಲಗೆ ಇಳಿಯುತ್ತಿದ್ದರು. ಈ ಆಟ ಮುಂದೆ ಪುಸ್ತಕದಲ್ಲಿ ಅಚ್ಚಾಗಿ ಊರೂರಿಗೆ ಹರಡಿತು. ಅದರ ಲೆಕ್ಕದಲ್ಲಿ ಒಂದು ಕಡೆ ಎರಡರಿಂದ ಭಾಗಿಸುವುದು ಬಿಟ್ಟುಹೋಗಿತ್ತು ಎಂದು ಪತ್ತೆಯಾದದ್ದು 2024ರಲ್ಲಿ. ಐವತ್ತೈದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ! 1979ರಲ್ಲಿ ಅಟಾರಿ ಕಂಪನಿ ಇದೇ ಕಲ್ಪನೆಯನ್ನು ನಾಣ್ಯ ಹಾಕಿ ಆಡುವ ಯಂತ್ರವಾಗಿಸಿತು. ಅಲ್ಲಿ ಇನ್ನೊಂದು ನಾಣ್ಯ ಹಾಕಿದರೆ ಇನ್ನಷ್ಟು ಇಂಧನ.

1984ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳಾದ ಡೇವಿಡ್ ಬ್ರೇಬನ್ ಮತ್ತು ಇಯಾನ್ ಬೆಲ್ ‘ಎಲೀಟ್’ ಆಟ ಹೊರತಂದರು. ಅದರಲ್ಲಿ ಕಡಲ್ಗಳ್ಳರ ಜೊತೆ ಕಾದಾಡುವುದಕ್ಕಿಂತ ಕಷ್ಟವಾದದ್ದು, ಗಿರ್ರನೆ ತಿರುಗುವ ನಿಲ್ದಾಣದ ಕಿರಿದಾದ ಬಾಯಿಯೊಳಗೆ ಅದೇ ಲಯದಲ್ಲಿ ತಿರುಗುತ್ತಾ ನೌಕೆ ತೂರಿಸುವುದು. ಆದರೂ ಅಲ್ಲಿ ನೌಕೆಗಳು ವಿಮಾನದಂತೆಯೇ ಹಾರುತ್ತಿದ್ದವು. 1993ರಲ್ಲಿ ಬ್ರೇಬನ್ ಅದರ ಎರಡನೇ ಭಾಗ ‘ಫ್ರಾಂಟಿಯರ್’ನಲ್ಲಿ ನ್ಯೂಟನ್ನನ ನಿಯಮಗಳನ್ನು ಜಾರಿಗೆ ತಂದರು. ಹಳೆಯ ಆಟದಲ್ಲಿ ನಿಪುಣರಾಗಿದ್ದವರು ಇಲ್ಲಿ ನೌಕೆ ನಿಲ್ಲಿಸಲಾಗದೆ ತಬ್ಬಿಬ್ಬಾದರು.

ಅಭ್ಯಾಸ ತಪ್ಪಿದರೆ

ಆಟದಲ್ಲಿ ತಬ್ಬಿಬ್ಬಾದರೆ ನಷ್ಟವಿಲ್ಲ. 1997ರ ಜೂನ್ 25ರಂದು ರಷ್ಯದ ‘ಮಿರ್’ ನಿಲ್ದಾಣದಲ್ಲಿ ನಡೆದದ್ದು ಆಟವಲ್ಲ. ಸರಕು ತುಂಬುವ ಪ್ರೋಗ್ರೆಸ್ ನೌಕೆಯನ್ನು ವಸಿಲಿ ಸಿಬ್ಲಿಯೆವ್ ಟಿ.ವಿ. ಪರದೆ ನೋಡುತ್ತಾ ಕೈಯಾರೆ ನಿಲ್ದಾಣಕ್ಕೆ ತರುತ್ತಿದ್ದರು. ದೂರ ತಿಳಿಸುವ ರೇಡಾರ್ ಬಳಕೆಯಲ್ಲಿರಲಿಲ್ಲ. ಪರದೆಯಲ್ಲಿ ನಿಲ್ದಾಣದ ಚಿತ್ರ ಎಷ್ಟು ದೊಡ್ಡದಾಗುತ್ತಿದೆ ಎಂಬುದರಿಂದಲೇ ವೇಗ ಊಹಿಸಬೇಕಿತ್ತು. ಹಿನ್ನೆಲೆಯಲ್ಲಿ ಭೂಮಿಯ ಮೋಡಗಳ ಬಿಳುಪು. ನೆಲದ ಮೇಲೆ ಇದರ ತರಬೇತಿ ಪಡೆದು ಅವರಿಗೆ ನಾಲ್ಕು ತಿಂಗಳು ದಾಟಿತ್ತು. ಏಳು ಟನ್ ತೂಕದ ನೌಕೆ ನಿರೀಕ್ಷೆಗಿಂತ ವೇಗವಾಗಿ ಬಂದು ಸ್ಪೆಕ್ಟರ್ ಎಂಬ ಘಟಕಕ್ಕೆ ಬಡಿಯಿತು. ತೂತು ಬಿದ್ದು ಗಾಳಿ ಸೋರತೊಡಗಿತು. ಜೊತೆಗಿದ್ದ ಲಜುಟ್ಕಿನ್ ಮತ್ತು ಮೈಕೇಲ್ ಫೋಲ್ ಬಾಗಿಲಿಗೆ ಅಡ್ಡವಾಗಿದ್ದ ಕೇಬಲ್ಲುಗಳನ್ನು ಕತ್ತರಿಸಿ, ಬಿಚ್ಚಿ, ಆ ಘಟಕವನ್ನು ಮುಚ್ಚಿದ್ದರಿಂದ ಮೂವರೂ ಉಳಿದರು. ಆ ಕೋಣೆ ಮತ್ತೆಂದೂ ವಾಸಯೋಗ್ಯವಾಗಲಿಲ್ಲ.

ಈ ಪಾಠ ವ್ಯರ್ಥವಾಗಲಿಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ರಷ್ಯದ ಯಾತ್ರಿಗಳು ಸರಕು ನೌಕೆ ಬರುವ ಮೊದಲು ಅಲ್ಲೇ ಕಂಪ್ಯೂಟರ್ ಮುಂದೆ ಕುಳಿತು ಜೋಡಣೆಯ ಅಭ್ಯಾಸ ಮಾಡುತ್ತಾರೆ. ನೋಡುವವರ ಕಣ್ಣಿಗೆ ಅದು ವಿಡಿಯೋ ಆಟದಂತೆಯೇ ಕಾಣುತ್ತದೆ.

ನಿಜವಾದ ಆಟಗಳೂ ಆ ಅಭ್ಯಾಸಕ್ಕೆ ಹತ್ತಿರವಾಗುತ್ತಾ ಬಂದವು. 2000ದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮಾರ್ಟಿನ್ ಶ್ವೈಗರ್ ‘ಆರ್ಬಿಟರ್’ ಎಂಬ ಸಿಮ್ಯುಲೇಟರನ್ನು ಉಚಿತವಾಗಿ ಕೊಟ್ಟರು. 2011ರಲ್ಲಿ ಫೆಲಿಪೆ ಫಲಾಂಗಿ ರೂಪಿಸಿದ ‘ಕರ್ಬಲ್ ಸ್ಪೇಸ್ ಪ್ರೋಗ್ರಾಂ’ ಬಂತು. ಅದರ ಯಾತ್ರಿಗಳು ಹಸಿರು ಬಣ್ಣದ ಗುಜ್ಜಾರಿಗಳು. ಅವರ ಗ್ರಹದ ತ್ರಿಜ್ಯ 600 ಕಿ.ಮೀ., ನಮ್ಮ ಭೂಮಿಯ ಹತ್ತರಲ್ಲೊಂದು ಪಾಲಿಗೂ ಕಡಿಮೆ. ನೋಡಲು ಮಕ್ಕಳಾಟ, ನಿಯಮ ಮಾತ್ರ ಕೆಪ್ಲರನದೇ. ಹೊಸಬರ ಮೊದಲ ರಾಕೆಟ್ ನೆಟ್ಟಗೆ ಮೇಲೇರಿ ನೆಟ್ಟಗೆ ಕೆಳಗೆ ಬೀಳುತ್ತದೆ. ಎತ್ತರ ಮುಖ್ಯವಲ್ಲ, ಅಡ್ಡಲಾಗಿ ಓಡುವ ವೇಗ ಮುಖ್ಯ ಎಂಬುದು ಹತ್ತಾರು ಸಲ ಬಿದ್ದ ಮೇಲೆ ಹೊಳೆಯುತ್ತದೆ. ಎರಡು ನೌಕೆ ಜೋಡಿಸಲು ಹೊರಟವರು ಮೊದಲು ಮಾಡುವುದು ಮೆಕ್‌ಡಿವಿಟ್ ಮಾಡಿದ್ದನ್ನೇ. ಗುರಿಯತ್ತ ಮೂತಿ ತಿರುಗಿಸಿ ಎಂಜಿನ್ ಉರಿಸುತ್ತಾರೆ, ಗುರಿ ತಪ್ಪಿಸಿಕೊಳ್ಳುತ್ತದೆ. 2014ರಲ್ಲಿ ನಾಸಾ ಸಂಸ್ಥೆಯೇ ಈ ಆಟದವರ ಜೊತೆ ಸೇರಿ ಕ್ಷುದ್ರಗ್ರಹ ಹಿಡಿಯುವ ಯಾನವನ್ನು ಆಟಕ್ಕೆ ಸೇರಿಸಿತು. 2020ರಲ್ಲಿ ಸ್ಪೇಸ್‌ಎಕ್ಸ್ ಕಂಪನಿ ತನ್ನ ಡ್ರ್ಯಾಗನ್ ನೌಕೆಯ ಜೋಡಣೆಯನ್ನು ಯಾರು ಬೇಕಾದರೂ ಮನೆಯಲ್ಲೇ ಕುಳಿತು ಪ್ರಯತ್ನಿಸುವಂತೆ ಮಾಡಿತು. ಅಲ್ಲಿ ಗೆಲ್ಲುವುದು ಅವಸರ ಮಾಡದವರು.

ಬೆಂಗಳೂರಿಗೂ ಈ ಕಥೆ ಬಂದು ಮುಟ್ಟಿದೆ. 2024ರ ಡಿಸೆಂಬರ್ 30ರಂದು ಇಸ್ರೋ ‘ಸ್ಪೇಡೆಕ್ಸ್’ ಹೆಸರಿನಲ್ಲಿ ತಲಾ ಸುಮಾರು 220 ಕಿಲೋ ತೂಕದ ಎರಡು ಉಪಗ್ರಹಗಳನ್ನು ಹಾರಿಸಿತು. ಮೇಲೆ ಅವನ್ನು ಒಂದಕ್ಕೊಂದು ಜೋಡಿಸಬೇಕಿತ್ತು. ನಡೆಸುವವರು ನೆಲದ ಮೇಲೆ ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿದ್ದರು. ಜನವರಿ 7 ಮತ್ತು 9ಕ್ಕೆ ಗೊತ್ತಾಗಿದ್ದ ಜೋಡಣೆ ಎರಡು ಸಲವೂ ಮುಂದಕ್ಕೆ ಹೋಯಿತು. ಜನವರಿ 12ರಂದು ಎರಡೂ ಉಪಗ್ರಹಗಳು 15 ಮೀಟರಿಗೆ, ಆಮೇಲೆ 3 ಮೀಟರಿಗೆ ಬಂದವು. ಇನ್ನೇನು ಮುಟ್ಟಬೇಕು ಎನ್ನುವಾಗ ಇಸ್ರೋ ಅವನ್ನು ಬೇಕೆಂದೇ ಹಿಂದಕ್ಕೆ ಸರಿಸಿತು. ಅದು ಪರೀಕ್ಷೆಯಷ್ಟೇ ಎಂದು ತಿಳಿಸಿ, ಸಿಕ್ಕ ಮಾಹಿತಿಯನ್ನು ಪರಿಶೀಲಿಸಿತು. ಟಿ.ವಿ. ಮುಂದೆ ಕಾದಿದ್ದ ಅನೇಕರಿಗೆ ಅದು ನಿರಾಸೆಯಂತೆ ಕಂಡಿರಬಹುದು. ನಾಲ್ಕು ದಿನ ಬಿಟ್ಟು, ಜನವರಿ 16ರಂದು, ಎರಡೂ ಸದ್ದಿಲ್ಲದೆ ಕೂಡಿಕೊಂಡವು.